ಕನ್ನಡ ಡೆಸ್ಕಿನ ಮಹೇಶ

ಬೆಂಗಳೂರಿನಲ್ಲಿ ಯಾರೂ ಏನೂ ಮಾಡುವುದಿಲ್ಲ. ಮೌನೇಶ ಫೋನಿನ ಮುಂದೆ ಕೂತು ಕಲಿತ ಮೊದಲ ಪಾಠ ಇದು. ಇಂಟರ್ನೆಟ್ಟಿನ ವೈರನ್ನು ಇಲಿ ಕಡಿದಿರುತ್ತದೆ, ಮೊಮ್ಮಗು ಮೋಡೆಮ್ಮಿಗೆ ಹಾಲು ಕುಡಿಸಿರುತ್ತದೆ, ಮನೆಯ ಯಜಮಾನರು ಸ್ವತಃ ಎಲ್ಲ ಪಿನ್ನುಗಳನ್ನೂ ಕಿತ್ತು ಮನಸ್ಸಿಗೆ ಬಂದ ತೂತಿಗೆ ತುರುಕಿರುತ್ತಾರೆ. ಫೋನು ಮಾಡಿ ಹೇಳುವ ಮಾತು ಮಾತ್ರ ಎಲ್ಲರದೂ ಒಂದೇ. "ನಾವೇನೂ ಮಾಡಿಲ್ಲ ಸಾರ್, ತಾನಾಗೇ ಹೋಯ್ತು."

ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರತೊಡಗಿದ್ದ ಕಾಲ. ಎರಡು ಸಾವಿರದ ಐದೋ ಆರೋ ಇರಬೇಕು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ, ಒಂದು ಸೀರೆ ಅಂಗಡಿಯ ನೆತ್ತಿಯ ಮೇಲೆ, ಇಂಥ ಇಂಟರ್ನೆಟ್ ಕೊಡುವ ಕಂಪನಿಯೊಂದರ ಸಹಾಯವಾಣಿ ಇತ್ತು. ಇಂಗ್ಲಿಷಿಗೆ ದೊಡ್ಡ ಹಾಲ್, ಹಿಂದಿಗೆ ಅದರಲ್ಲಿ ಅರ್ಧ, ಕನ್ನಡಕ್ಕೆ ಕಾಫಿ ಮೆಷಿನ್ನಿನ ಪಕ್ಕದ ಮೂಲೆ. ಆ ಮೂಲೆಯ ಹೆಸರು ಕನ್ನಡ ಡೆಸ್ಕ್. ಮೌನೇಶ ಅಲ್ಲಿ ಕೂತು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಏನೂ ಮಾಡದ ಜನರ ಜೊತೆ ಮಾತಾಡುತ್ತಿದ್ದ.

ಆದರೆ ಮೌನೇಶ ಎಂಬ ಹೆಸರಿನಲ್ಲಲ್ಲ. ಸುರಪುರದ ಕಡೆಯ ಈ ಹೆಸರು ಬೆಂಗಳೂರಿನವರ ಕಿವಿಗೆ ಒಂದೇ ಸಲಕ್ಕೆ ಇಳಿಯುತ್ತಿರಲಿಲ್ಲ. "ಏನು? ಮೌನಾ? ಮುನೇಶಾ?" ಎಂದು ಪ್ರತಿಯೊಬ್ಬರೂ ಕೇಳುವುದು, ಇವನು ಬಿಡಿಸಿ ಹೇಳುವುದು, ಅಷ್ಟರಲ್ಲಿ ಒಂದು ಕರೆಗೆ ಕೊಟ್ಟ ಹೊತ್ತಿನಲ್ಲಿ ಕಾಲುಭಾಗ ಮುಗಿದಿರುತ್ತಿತ್ತು. ಟೀಮ್ ಲೀಡರ್ ಉಮಾಮಹೇಶ್ವರಿ ಒಂದು ದಿನ ಬಂದು, "ಇವತ್ತಿಂದ ಫೋನಲ್ಲಿ ನೀವು ಮಹೇಶ್" ಎಂದರು. ತಮ್ಮ ಹೆಸರಿನಿಂದಲೇ ಒಂದು ತುಂಡು ಮುರಿದು ಕೊಟ್ಟಷ್ಟು ಸಲೀಸಾಗಿ ಹೇಳಿದರು. ಹೆಸರಿನ ಜೊತೆಗೆ ಭಾಷೆಯೂ ಹೋಯಿತು. 'ಹೌದ್ರಿ', 'ಹೇಳ್ರಿ' ಅನ್ನಬಾರದು, ಗ್ರಾಹಕರಿಗೆ ಗದರಿಸಿದಂತೆ ಕೇಳುತ್ತದೆ. 'ಹೌದು ಸಾರ್', 'ಹೇಳಿ ಮೇಡಂ' ಅನ್ನಬೇಕು. ತಿಂಗಳುಗಟ್ಟಲೆ ನಾಲಿಗೆ ತಿರುಚಿ ತಿರುಚಿ ಮೌನೇಶ ಅದನ್ನೂ ಕಲಿತ. ಪಕ್ಕದಲ್ಲಿ ಕೂರುವ ಜೆ.ಪಿ. ನಗರದ ದಿವ್ಯ, "ಮಹೇಶ್, ಫೋನಲ್ಲಿ ನಿಮ್ಮನ್ನ ಕೇಳಿದ್ರೆ ನಮ್ಮ ಬೀದಿಯವರು ಅನ್ಸುತ್ತೆ" ಎಂದಳು. ಅವಳು ಹೊಗಳಿದ್ದು, ಇವನಿಗೆ ಯಾಕೋ ಹೊಗಳಿಕೆ ಅನ್ನಿಸಲಿಲ್ಲ.

ಇನ್ನು ಮುಂಬಯಿಯ ಹೆಡ್ಡಾಫೀಸಿನವರು ಬರೆದು ಕಳಿಸಿದ ಮಾತುಗಳು ಬೇರೆ. ಕರೆ ಬಂದ ಕೂಡಲೇ, "ತಮಗುಂಟಾದ ಅನಾನುಕೂಲತೆಗಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ" ಅನ್ನಬೇಕು. ಬನಶಂಕರಿಯ ಒಬ್ಬ ಅಜ್ಜಿ ಇದನ್ನು ಕೇಳಿ, "ಯಾರು ತೀರಿಕೊಂಡ್ರಪ್ಪಾ?" ಎಂದು ಗಾಬರಿಯಾಗಿದ್ದರು. 'ಇಲ್ಲ' ಎಂಬ ಪದವನ್ನು ಬಳಸಕೂಡದು. ಎಲ್ಲಕ್ಕಿಂತ ದೊಡ್ಡ ತಪ್ಪು ಸುಮ್ಮನಿರುವುದು. ಲೈನಿನಲ್ಲಿ ಗ್ರಾಹಕ ಇರುವಾಗ ಒಂದು ಗಳಿಗೆ ಮಾತು ನಿಂತರೂ ಉಮಾಮಹೇಶ್ವರಿಯವರ ಪರದೆಯಲ್ಲಿ ಕೆಂಪು ಬೀಳುತ್ತದೆ. ಮೋಡೆಮ್ ಆರಿಸಿ ಹಚ್ಚಲು ಗ್ರಾಹಕರು ಎದ್ದು ಹೋದಾಗಲೂ ಇವನು ಗಾಳಿಗೆ ಮಾತಾಡುತ್ತಿರಬೇಕು. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಯಾವುದನ್ನು ಯಾವಾಗ ಯಾರು ಕೇಳುತ್ತಾರೋ ದೇವರಿಗೇ ಗೊತ್ತು.

ಮೌನೇಶ ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. 'ಟೆಕ್ನಿಕಲ್' ಎಂಬ ಪದ ನೋಡಿಯೇ ಈ ಕೆಲಸಕ್ಕೆ ಬಂದಿದ್ದ. ಬಂದಾಗಿನಿಂದ ಒಂದು ಸ್ಕ್ರೂ ಡ್ರೈವರನ್ನು ಕೈಯಲ್ಲಿ ಹಿಡಿದವನಲ್ಲ. ಕೆಟ್ಟ ಯಂತ್ರ ಎಲ್ಲೋ ಜೆ.ಪಿ. ನಗರದ ಆರನೇ ಫೇಸಿನಲ್ಲಿ ಕೂತಿರುತ್ತದೆ. ಅದನ್ನು ಕಣ್ಣಿಲ್ಲದೆ, ಕೈಯಿಲ್ಲದೆ, ಸುಳ್ಳು ಹೇಳುವ ಒಬ್ಬ ಮನುಷ್ಯನ ಬಾಯಿಯ ಮೂಲಕ ಇವನು ರಿಪೇರಿ ಮಾಡಬೇಕು. ಇದಕ್ಕಿಂತ ತಲೆಕೆಟ್ಟ ಕಸುಬು ಇನ್ನೊಂದಿದ್ದರೆ ಹೇಳಿ.

ಮನೆ ಬಿ.ಟಿ.ಎಂ. ಲೇಔಟಿನಲ್ಲಿ. ಕೆಳಗೆ ಮಾಲೀಕ ಬೋರಣ್ಣ ಮತ್ತವರ ಹೆಂಡತಿ ಅಂಜನಮ್ಮ, ಕಾಲೇಜಿಗೆ ಹೋಗುವ ಮಗ ರವಿಕಿರಣ್. ಮೇಲೆ ಒಂದೂವರೆ ಕೋಣೆಯಲ್ಲಿ ಮೌನೇಶ, ಅವನ ಹೆಂಡತಿ ಜಯಾ. ಬೋರಣ್ಣ ಹುಟ್ಟಿದ್ದು ಅದೇ ಜಾಗದಲ್ಲಿ, ಅದು ಲೇಔಟ್ ಆಗುವುದಕ್ಕೆ ಮೊದಲು. ಈಗ ಸೂಪರ್‌ಮಾರ್ಕೆಟ್ ಇರುವ ಕಡೆ ಅವರ ರಾಗಿ ಹೊಲವಿತ್ತು. ಹೊಲ ಹೋಗಿ ಬಾಡಿಗೆ ಮನೆಗಳು ಎದ್ದವು. ಬೋರಣ್ಣನಿಗೆ ಕೂತು ಉಣ್ಣಲು ಕೊರತೆಯಿಲ್ಲ, ಮಾಡಲು ಕೆಲಸವಿಲ್ಲ. ಬೆಳಗಾದರೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬೀದಿಗೆ ಮೇಸ್ತ್ರಿಯಂತೆ ಕೂರುತ್ತಿದ್ದರು.

ಮೇಲಿನ ಹುಡುಗ ಇಂಟರ್ನೆಟ್ ಕಂಪನಿಯಲ್ಲಿದ್ದಾನೆ ಎಂಬ ಒಂದೇ ಧೈರ್ಯದ ಮೇಲೆ ಬೋರಣ್ಣ ಮಗನಿಗೆ ಕಂಪ್ಯೂಟರ್ ಕೊಡಿಸಿ, ಅದೇ ಕಂಪನಿಯ ಕನೆಕ್ಷನ್ ಹಾಕಿಸಿದರು. ಅಲ್ಲಿಗೆ ಮೌನೇಶನ ಭಾನುವಾರ ತೀರಿಹೋಯಿತು. ಬಟ್ಟೆ ಒಣಹಾಕಲು ತಾರಸಿಗೆ ಹೋದರೂ ಕೆಳಗಿನಿಂದ ಕೂಗು ಬರುತ್ತಿತ್ತು. "ಮೌನೇಸಪ್ಪ, ಇಲ್ನೋಡು, ಏನೂ ಮಾಡಿಲ್ಲ, ಓಡ್ತಾನೇ ಇಲ್ಲ." ಮೌನೇಶ ಇಳಿದು ಬಂದು, ಒಂದು ಮಾತಾಡದೆ, ಗೋಡೆಯ ಮೂಲೆಗೆ ಕುಕ್ಕರುಗಾಲಲ್ಲಿ ಕೂತು, ವೈರು ಕಿತ್ತು ಕಟ್ಟಿ ಸರಿಮಾಡಿ, "ಆತ್ರಿ ಮಾಲಕ್ರ" ಎಂದು ಎದ್ದು ಹೋಗುತ್ತಿದ್ದ. ಮನೆಯ ಯಜಮಾನನನ್ನು ಅವನ ಊರ ಕಡೆ ಹಾಗೆ ಕರೆಯುವುದು. ಆ ಬೀದಿಯಲ್ಲಿ ಬೋರಣ್ಣನನ್ನು ಮಾಲಕ್ರ ಅನ್ನುವವನು ಇವನೊಬ್ಬನೇ, ಅದೂ ದಿನಕ್ಕೊಂದು ಸಲ ಅಂದರೆ ಹೆಚ್ಚು. ಸಂಜೆ ಕೆಲಸದಿಂದ ಬಂದವನು ಒಳಗೂ ಹೋಗದೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ. ಅಂಜನಮ್ಮ "ಕಾಫಿ ಕುಡೀತೀಯಾ ಮಗ?" ಎಂದರೆ ತಲೆ ಅಲ್ಲಾಡಿಸುತ್ತಿದ್ದ. ಅದು ಹೌದೋ ಅಲ್ಲವೋ ಅವರಿಗೆ ಕೊನೆಗೂ ತಿಳಿಯಲಿಲ್ಲ.

ಜಯಾ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೂ ಹೇಳುವುದು ಬೇಕಾದಷ್ಟಿರುತ್ತಿತ್ತು. ಆದರೆ ಅವಳು ಬಾಯಿ ತೆರೆದ ಕೂಡಲೇ ಮೌನೇಶ ಅಂಗೈ ಎತ್ತಿ ತೋರಿಸುತ್ತಿದ್ದ, ರಸ್ತೆಯಲ್ಲಿ ಪೊಲೀಸಿನವರು ವಾಹನ ನಿಲ್ಲಿಸುವ ಹಾಗೆ. ಆ ಅಂಗೈ ಕಂಡರೆ ಅವಳಿಗೆ ಮೈಯೆಲ್ಲ ಉರಿ.

"ಕಂಡ ಮಂದಿಗೆಲ್ಲ ಸಾರ್ ಸಾರ್ ಅಂತ ಇಡೀ ದಿನ ಮಾತಾಡ್ತೀರಿ. ಮನಿಗಿ ಬಂದ್ರ ಬಾಯಿಗಿ ಬೀಗ. ನಾನೂ ಫೋನ್ ಮಾಡಬೇಕೇನು ನಿಮ್ಮ ಕಂಪನಿಗಿ?" ಎಂದಳು ಒಂದು ದಿನ.

ಮೌನೇಶನಿಗೆ ಅಳು ಬಂದಂತಾಯಿತು. ಅವಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಮಾತಿನ ಮೇಲೆಯೇ ಸಿಟ್ಟು. ಸಂಜೆಯ ಹೊತ್ತಿಗೆ ಯಾವ ಮನುಷ್ಯರ ದನಿ ಕೇಳಿದರೂ ಕಿವಿಯೊಳಗೆ ಯಾರೋ ಬೆರಳಿಟ್ಟು ತಿರುವಿದ ಹಾಗೆ ಆಗುತ್ತಿತ್ತು. ಇದನ್ನು ಅವಳಿಗೆ ಹೇಳಬೇಕೆಂದರೆ ಮತ್ತೆ ಮಾತೇ ಆಡಬೇಕಲ್ಲ.

ಇಷ್ಟರಲ್ಲಿ ಒಂದು ಕಿಂಡಿ ಕಾಣಿಸಿತು. ಲೈನ್ ಟೀಮಿನ ಯಲ್ಲಪ್ಪ ಕೆಲಸ ಬಿಟ್ಟು ಊರಿಗೆ ಹೊರಟ. ಲೈನ್ ಟೀಮ್ ಅಂದರೆ ಏಣಿ, ಪೆಟ್ಟಿಗೆ, ವ್ಯಾನು. ತಾರಸಿ ಹತ್ತುವುದು, ಕೇಬಲ್ ಎಳೆಯುವುದು, ಕೆಟ್ಟದ್ದನ್ನು ಕಣ್ಣಾರೆ ಕಂಡು ಕೈಯಾರೆ ಸರಿಮಾಡುವುದು. ದಿನಕ್ಕೆ ನಾಲ್ಕು ಮಾತಾಡಿದರೆ ಸಾಕು. ಮೌನೇಶ ಉಮಾಮಹೇಶ್ವರಿಯವರ ಮುಂದೆ ಹೋಗಿ ನಿಂತ.

"ಬಿಸಿಲಲ್ಲಿ ಸುತ್ತಬೇಕು ಮಹೇಶ್. ಇಲ್ಲಿ ತಣ್ಣಗೆ ಏಸಿಲಿ ಕೂತಿದೀರಾ" ಎಂದರು ಅವರು.

"ಬಿಸಿಲು ನಮಗೆ ಹೊಸದಲ್ಲ ಮೇಡಂ."

ಉಮಾಮಹೇಶ್ವರಿ ಕೆಟ್ಟವರಲ್ಲ. ತ್ಯಾಗರಾಜನಗರದಿಂದ ಬಸ್ಸಿನಲ್ಲಿ ಬಂದು, ದಿನವಿಡೀ ಮುಂಬಯಿಯವರ ಕೈಲಿ ಅನ್ನಿಸಿಕೊಂಡು, ಆ ಬಿಸಿಯನ್ನು ಕೆಳಗಿನವರಿಗೆ ಆದಷ್ಟು ಆರಿಸಿ ಕೊಡುವ ಹೆಂಗಸು. ಸ್ವಲ್ಪ ಯೋಚಿಸಿ, "ದೀಪಾವಳಿವರೆಗೂ ನಿಮ್ಮ ಮೇಲೆ ಒಂದು ಕಂಪ್ಲೇಂಟೂ ಬರಬಾರದು. ಬರಲಿಲ್ಲ ಅಂದ್ರೆ ನಾನೇ ನಿಮ್ಮ ಹೆಸರು ಕಳಿಸ್ತೀನಿ" ಎಂದರು. ಮೌನೇಶ ಅಂದು ಮನೆಗೆ ಹೋಗಿ, ಅಂಗೈ ಎತ್ತದೆ, ಜಯಾಳಿಗೆ ಈ ಸುದ್ದಿ ಹೇಳಿದ. ಅವಳು ಅಂದು ರೊಟ್ಟಿಗೆ ಎಣ್ಣೆಗಾಯಿ ಮಾಡಿದಳು.

ದೀಪಾವಳಿಗೆ ಮುಂಚೆ ದಸರಾ ಇತ್ತು, ದಸರೆಯಲ್ಲಿ ಆಯುಧಪೂಜೆ ಇತ್ತು. ಯಾರ ಕಸುಬಿಗೆ ಯಾವುದು ಆಧಾರವೋ ಅದನ್ನು ತೊಳೆದು, ಬೊಟ್ಟಿಟ್ಟು, ಹೂ ಏರಿಸಿ ಕೈಮುಗಿಯುವ ದಿನ. ಪೂಜೆಗೆ ಇಟ್ಟದ್ದನ್ನು ಅಂದು ಮುಟ್ಟುವಂತಿಲ್ಲ, ಅದಕ್ಕೂ ಒಂದು ದಿನ ವಿಶ್ರಾಂತಿ. ಸಹಾಯವಾಣಿಯಲ್ಲೂ ಪೂಜೆ ಆಯಿತು. ದಿವ್ಯ ಎಲ್ಲರ ಹೆಡ್‌ಸೆಟ್ಟಿಗೂ ಕುಂಕುಮ ಹಚ್ಚುತ್ತ ಬಂದಳು. "ಪೂಜೆ ಆದಮೇಲೆ ಮುಟ್ಟಬಾರದು ಅಲ್ವಾ ಮೇಡಂ?" ಎಂದು ಒಬ್ಬ ಕೇಳಿದ್ದಕ್ಕೆ ಉಮಾಮಹೇಶ್ವರಿ, "ಮುಂಬಯಿಗೆ ಫೋನ್ ಮಾಡಿ ಕೇಳ್ಲಾ?" ಎಂದರು. ಆಟೋಗಳಿಗೆ ರಜೆ, ಗರಗಸಕ್ಕೆ ರಜೆ, ಹೊಲಿಗೆ ಮೆಷಿನ್ನಿಗೆ ರಜೆ. ಇವರು ಕುಂಕುಮ ಮೆತ್ತಿದ ಕಿವಿಯಲ್ಲಿ ಕರೆ ತೆಗೆದುಕೊಂಡರು.

ಅಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಮೌನೇಶ ಅಂಗಳದಲ್ಲಿ ಒಂದು ದೃಶ್ಯ ಕಂಡಿದ್ದ. ಬೋರಣ್ಣ ಲುಂಗಿ ಎತ್ತಿ ಕಟ್ಟಿಕೊಂಡು ಸ್ಕೂಟರು, ನೀರಿನ ಮೋಟರು, ಕುಡುಗೋಲು ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಸಾಲಿನ ಕೊನೆಗೆ ಮಗನ ಕಂಪ್ಯೂಟರು, ಅದರ ಪಕ್ಕ ಮೋಡೆಮ್ಮು. ಕೈಯಲ್ಲಿ ನೀರಿನ ಪೈಪು.

"ಮಾಲಕ್ರ, ನೀರು..." ಎಂದ ಮೌನೇಶ.

"ನಂಗೊತ್ತಪ್ಪ. ಒದ್ದೆ ಬಟ್ಟೇಲಿ ಒರೆಸ್ತೀನಿ ಅಷ್ಟೇಯ. ನೀನು ಹೊರಡು, ಬಸ್ ತಪ್ಪೋಯ್ತದೆ" ಎಂದರು ಬೋರಣ್ಣ. ಮೌನೇಶ ಹೊರಟ. ಹಬ್ಬದ ದಿನ ಮಾಲೀಕನ ಜೊತೆ ವಾದ ಮಾಡುವಷ್ಟು ಮಾತು ಅವನಲ್ಲಿ ಉಳಿದಿರಲಿಲ್ಲ.

ಮಾರನೆಯ ದಿನ ವಿಜಯದಶಮಿ. ಪೂಜೆಗೆ ಇಟ್ಟದ್ದನ್ನೆಲ್ಲ ಮತ್ತೆ ಕೆಲಸಕ್ಕೆ ಹೂಡುವ ದಿನ. ಬೆಳಿಗ್ಗೆ ಜನ ಕಂಪ್ಯೂಟರಿಗೆ ಕೈಮುಗಿದು ಸ್ವಿಚ್ಚು ಒತ್ತಿದ್ದೇ ತಡ, ಸಹಾಯವಾಣಿಯ ಫೋನುಗಳು ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳತೊಡಗಿದವು. ಯಾರಿಗೂ ಇಂಟರ್ನೆಟ್ ಇಲ್ಲ. ಯಾರೂ ಏನೂ ಮಾಡಿಲ್ಲ.

ಮುಂಬಯಿಯ ಪ್ರಶ್ನೆಗಳಲ್ಲಿ ಆಯುಧಪೂಜೆ ಇರಲಿಲ್ಲ. "ಉಪಕರಣದಲ್ಲಿ ತಾವು ಯಾವುದೇ ಬದಲಾವಣೆ ಮಾಡಿರುವಿರಾ?" ಎಂದು ಕೇಳಬೇಕು. ಕೇಳಿದರೆ ಅತ್ತ ಕಡೆಯವರು ಕಟಕಟೆಯಲ್ಲಿ ನಿಲ್ಲಿಸಿದಂತೆ ಸೆಟೆಯುತ್ತಿದ್ದರು. "ಬದಲಾವಣೆನಾ? ನಾವ್ಯಾಕ್ರೀ ಮಾಡೋಣ?" ಮೌನೇಶನಿಗೆ ತಲೆ ಸಿಡಿಯತೊಡಗಿತು. ಬಾಳೆಕಂದಿನ ನೀರು ಮೋಡೆಮ್ಮಿನೊಳಗೆ ತೊಟ್ಟಿಕ್ಕುವುದು ಅವನಿಗೆ ಇಲ್ಲಿಂದಲೇ ಕಾಣುತ್ತಿತ್ತು. ಆದರೆ ಒಪ್ಪಿಕೊಳ್ಳದ ಹೊರತು ಮುಂದಿನ ಹೆಜ್ಜೆ ಇಡುವಂತಿಲ್ಲ.

ಐದಾರು ಕರೆ ಹೀಗೇ ಹಾಳಾದ ಮೇಲೆ ಬಂದವರು ತ್ಯಾಗರಾಜನಗರದ ಪರಮಶಿವಯ್ಯ ಎಂಬ ನಿವೃತ್ತ ಮೇಷ್ಟ್ರು. ಅವರೂ ಏನೂ ಮಾಡಿರಲಿಲ್ಲ. ಮೌನೇಶ ಬೇಸತ್ತು, ಮುಂಬಯಿಯ ಕಾಗದ ಬದಿಗಿಟ್ಟು, ಸುಮ್ಮನೆ ಬಾಯಿಗೆ ಬಂದದ್ದು ಕೇಳಿಬಿಟ್ಟ. "ಹೋಗ್ಲಿ ಬಿಡಿ ಸಾರ್. ಹಬ್ಬ ಹೇಗಾಯ್ತು ನಿಮ್ಮನೇಲಿ?"

ಮೇಷ್ಟ್ರ ದನಿ ಒಮ್ಮೆಗೇ ಹಿಗ್ಗಿತು. ಬಹಳ ಚೆನ್ನಾಗಾಯಿತು, ಮೊಮ್ಮಕ್ಕಳು ಬಂದಿದ್ದರು, ಕಂಪ್ಯೂಟರಿಗೆ ಶಾಸ್ತ್ರೋಕ್ತವಾಗಿ ಪೂಜೆ ಮಾಡಿದೆವು, ಆ ಪುಟ್ಟ ಡಬ್ಬಿಗೂ ವಿಭೂತಿ ಧರಿಸಿದೆವು, ತೂತುಗಳಿದ್ದವಲ್ಲ, ಅದಕ್ಕೆಲ್ಲ ಸೇವಂತಿಗೆ ಸಿಕ್ಕಿಸಿದೆವು, ಮಂಗಳಾರತಿ ತೀರ್ಥ ಪ್ರೋಕ್ಷಣೆ ಎಲ್ಲ ಆಯಿತು ಎಂದರು. "ಸಂತೋಷ ಸಾರ್. ಈಗ ಆ ಹೂವನ್ನ ಮೆಲ್ಲಗೆ ತೆಗೀರಿ" ಎಂದ ಮೌನೇಶ. ಎರಡು ನಿಮಿಷದಲ್ಲಿ ಮೇಷ್ಟ್ರ ಮೋಡೆಮ್ಮಿನ ಹಸಿರು ದೀಪ ಹತ್ತಿತು.

ಆಮೇಲೆ ಎಲ್ಲರಿಗೂ ಅದೇ ಪ್ರಶ್ನೆ. ತಪ್ಪು ಮಾಡಿದಿರಾ ಎಂದರೆ ಯಾರೂ ಒಪ್ಪುವುದಿಲ್ಲ. ಹಬ್ಬ ಮಾಡಿದಿರಾ ಎಂದರೆ ಒಪ್ಪದವರಿಲ್ಲ. ಒಂದು ಆಡಿಟರ್ ಆಫೀಸಿನಲ್ಲಿ ಮೋಡೆಮ್ಮಿನ ಮುಂದೆಯೇ ಬೂದುಗುಂಬಳ ಒಡೆದಿದ್ದರು. ಒಬ್ಬ ಹೆಂಗಸು ವೈರುಗಳನ್ನೆಲ್ಲ ಬಿಚ್ಚಿ ಹುಣಸೆಹಣ್ಣು ಹಾಕಿ ಪಿನ್ನು ಉಜ್ಜಿ ಥಳಥಳ ಮಾಡಿದ್ದರು. ಮೌನೇಶ ಬಯ್ಯಲಿಲ್ಲ, ನಗಲಿಲ್ಲ. ಒದ್ದೆಯಾದದ್ದನ್ನು ಬಿಚ್ಚಿ ಕವುಚಿ ಫ್ಯಾನಿನ ಕೆಳಗಿಡಿ, ಸಂಜೆಯವರೆಗೆ ಕರೆಂಟ್ ಕೊಡಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿದ. ದಿವ್ಯಳೂ ಉಳಿದವರೂ ಅವನನ್ನು ನೋಡಿ ಅದನ್ನೇ ಕೇಳತೊಡಗಿದರು.

ಮಧ್ಯಾಹ್ನ ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಇನ್ನೊಂದು ಕರೆ ಬಂತು. ಪರದೆಯ ಮೇಲೆ ಮೂಡಿದ ವಿಳಾಸ ಅವನದೇ ಮನೆಯದು. ಹೆಸರು, ಬೋರಣ್ಣ.

"ನಮಸ್ಕಾರ, ನಾನು ಮಹೇಶ್. ಹೇಳಿ ಸಾರ್" ಎಂದ ಮೌನೇಶ, ಬೇರೆ ದಾರಿಯಿಲ್ಲದೆ. ನಾಲಿಗೆಗೆ ಕಲಿಸಿದ ಆ ದನಿ ಬೋರಣ್ಣನಿಗೆ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವರು ಇವನ ಬಾಯಲ್ಲಿ ಒಟ್ಟಿಗೆ ನಾಲ್ಕು ಮಾತು ಕೇಳಿದವರೇ ಅಲ್ಲ.

"ನೆಟ್ಟು ನಿಂತೋಗದೆ. ನಾನೇನೂ ಮಾಡಿಲ್ಲ" ಎಂದರು ಬೋರಣ್ಣ. "ಯಾರು ಮಾಡವ್ರೆ ಅಂತ ನಂಗೊತ್ತು. ನಿಮ್ ಆಫೀಸ್ನೋನೇ ಒಬ್ಬ ನಮ್ಮನೇಲಿ ಬಾಡಿಗೆಗವ್ನೆ. ಮೊನ್ನೆ ಭಾನುವಾರ ಬಂದು ವೈರೆಲ್ಲ ಕಿತ್ತು ಏನೋ ತಿರುವಿ ಹೋದ. ಅವ್ನೇ ಕೆಡಿಸಿರೋದು. ಕೇಳಾಣ ಅಂದ್ರೆ ಗೋಡೆ ನೋಡ್ತಾನೆ. ಮೌನೇಸ ಅಂತ ಅವನ ಹೆಸ್ರು. ಬರ್ಕೊ ಕಂಪ್ಲೇಂಟು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನೀರಿನ ಪೈಪು ಹಿಡಿದು ನಿಂತವರನ್ನು ಇವನೇ ಕಣ್ಣಾರೆ ಕಂಡಿದ್ದಾನೆ. ಈಗ ತನ್ನ ಮೇಲಿನ ಕಂಪ್ಲೇಂಟನ್ನು ತಾನೇ, ಮಹೇಶನಾಗಿ, ಹೃತ್ಪೂರ್ವಕವಾಗಿ ವಿಷಾದಿಸುತ್ತ ಬರೆದುಕೊಳ್ಳಬೇಕು. ಬರೆದರೆ ಏಣಿ, ಪೆಟ್ಟಿಗೆ, ವ್ಯಾನು ಎಲ್ಲ ಹೋಯಿತು. ಬರೆಯದಿದ್ದರೆ ರೆಕಾರ್ಡಿನಲ್ಲಿ ಸಿಕ್ಕಿಬೀಳುತ್ತಾನೆ, ಇರುವ ಕೆಲಸವೂ ಹೋಯಿತು. ಮೌನೇಶನಿಗೆ ಸಿಟ್ಟು ನೆತ್ತಿಗೇರಿತು. ಹೆಡ್‌ಸೆಟ್ ಕಿತ್ತೆಸೆದು, ಬಸ್ಸು ಹಿಡಿದು ಹೋಗಿ, ಆ ಮುದುಕನ ಕೈಲಿ ಆ ಪೈಪು ಹಿಡಿಸಿ ಬೀದಿಯಲ್ಲಿ ನಿಲ್ಲಿಸಬೇಕು ಅನ್ನಿಸಿತು.

ಆದರೆ ಬೆಳಿಗ್ಗೆಯಿಂದ ಕೇಳಿ ಕೇಳಿ ರೂಢಿಯಾದ ಬಾಯಿ ಸುಮ್ಮನಿರಲಿಲ್ಲ. "ಬರ್ಕೋತೀನಿ ಸಾರ್. ಅದಕ್ಕೆ ಮುಂಚೆ ಹೇಳಿ, ಹಬ್ಬ ಹೇಗಾಯ್ತು?"

 ಬೋರಣ್ಣನ ಹಿಂದೆ ನೀರಿನ ಮೋಟರು ಓಡುವ ಸದ್ದು ಕೇಳುತ್ತಿತ್ತು.

"ಏನು ಹಬ್ಬವೋ ಬಿಡಪ್ಪ" ಎಂದರು. "ನಮ್ದು ಎರಡು ಜೊತೆ ಎತ್ತಿದ್ವು. ಆಯುಧಪೂಜೆ ದಿನ ಮಡಿವಾಳ ಕೆರೇಲಿ ಮೈ ತೊಳ್ದು, ನೇಗಿಲು, ಕುಂಟೆ, ಗಾಡಿ ಎಲ್ಲಾ ಸಾಲಾಗಿ ನಿಲ್ಸಿ ಪೂಜೆ ಮಾಡಿದ್ರೆ ಅಂಗಳ ತುಂಬೋಗ್ತಿತ್ತು. ಈಗ ಏನಿಟ್ಟು ಪೂಜೆ ಮಾಡ್ಲಿ? ಬಾಡಿಗೆ ಮನೆಗೆ ಬೊಟ್ಟಿಡಕ್ಕಾಯ್ತದಾ? ಅದ್ಕೆ ಮಗನ ಕಂಪ್ಯೂಟರ್ ಇಟ್ಟೆ. ಅವ್ನು ಅದರ ಮುಂದೇನೇ ಕೂತಿರ್ತಾನೆ, ಅದೇ ತಾನೇ ಅವನ ನೇಗ್ಲು. ನೇಗ್ಲು ಅಂದ್ಮೇಲೆ ತೊಳೀಬೇಕಲ್ವಾ. ಕಂಪ್ಯೂಟರ್ ಒರೆಸ್ದೆ, ಆ ಚಿಕ್ಕ ಡಬ್ಬಿ ಮಾತ್ರ ಒಂದ್ ಚೂರು ನೀರು ಬಿಟ್ಟು..." ಅಲ್ಲಿಗೆ ನಿಂತರು. ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿತು.

"ಒಳ್ಳೇದು ಮಾಡಿದ್ರಿ ಸಾರ್" ಎಂದ ಮೌನೇಶ. ಸಿಟ್ಟು ಎಲ್ಲಿಗೆ ಹೋಯಿತೋ ಅವನಿಗೂ ತಿಳಿಯಲಿಲ್ಲ. "ಡಬ್ಬಿ ಬಿಚ್ಚಿ ಕವುಚಿ ಫ್ಯಾನಿನ ಕೆಳಗಿಡಿ. ಸಂಜೆ ಹಾಕಿ ನೋಡಿ. ಆ ಕಂಪ್ಲೇಂಟು..."

"ಬ್ಯಾಡ ಬ್ಯಾಡ, ಬಿಡು. ಪಾಪ, ಆ ಹುಡುಗ ಏನ್ ಮಾಡಾನು" ಎಂದರು ಬೋರಣ್ಣ. ಮತ್ತೆ ತಾವೇ, "ನೀನು ಎಷ್ಟು ಚೆನ್ನಾಗಿ ಮಾತಾಡ್ತೀಯಪ್ಪ. ಮೂರು ವರ್ಸದಿಂದ ತಲೆ ಮೇಲವ್ನೆ ಅವನು, ಒಂದ್ಸಲಾನೂ ಹಬ್ಬ ಹೆಂಗಾಯ್ತು ಅಂತ ಕೇಳಿಲ್ಲ. ನಿಮ್ ಮೇಲ್ನೋರು ಯಾರವ್ರೆ ಅಲ್ಲಿ? ಕೊಡು ಫೋನು" ಎಂದರು. ಉಮಾಮಹೇಶ್ವರಿಯವರಿಗೆ ಫೋನು ಹೋಯಿತು. ಮೇಲಿನವರನ್ನು ಕರೆಸಿ ಹೊಗಳಿದ ಗ್ರಾಹಕ ಆ ಕಂಪನಿಯ ಇತಿಹಾಸದಲ್ಲಿ ಬೋರಣ್ಣನೊಬ್ಬರೇ ಇರಬೇಕು.

ಸಂಜೆ ಮೌನೇಶ ಬಂದಾಗ ಬೋರಣ್ಣ ಗೇಟಿನಲ್ಲೇ ಹಿಡಿದುಕೊಂಡರು. ನೆಟ್ಟು ಬಂದಿತ್ತು. "ನಿಮ್ ಆಫೀಸಲ್ಲಿ ಮಹೇಸ ಅಂತ ಒಬ್ಬವ್ನೆ, ಗೊತ್ತಾ? ಅವನ್ನ ನೋಡಿ ಕಲಿ. ಮಾತು ಅಂದ್ರೆ ಅದು." ಆ ಮಹೇಶ ನಾನೇ ಎಂದು ಹೇಳಬಹುದಿತ್ತು. ಹೇಳಲು ಬಾಯಿ ತೆರೆಯಬೇಕಿತ್ತು, ಒಂದು ಹೇಳಿದರೆ ಇನ್ನೂ ಹತ್ತು ಹೇಳಬೇಕಿತ್ತು.  "ಹೂಂರಿ ಮಾಲಕ್ರ" ಎಂದು ಹೋಗಿ ಮೆಟ್ಟಿಲ ಮೇಲೆ ಕೂತ.

ದೀಪಾವಳಿ ಬಂತು. ಒಂದು ಕಂಪ್ಲೇಂಟೂ ಬರಲಿಲ್ಲ. ಮೌನೇಶ ಹೊಸ ಅಂಗಿ ತೊಟ್ಟು ಉಮಾಮಹೇಶ್ವರಿಯವರ ಮುಂದೆ ನಿಂತ. ಅವರು ಕಣ್ಣು ತಪ್ಪಿಸಿದರು.

"ಹೆಸರು ಕಳಿಸಿದ್ದೆ ಮಹೇಶ್, ದೇವರಾಣೆಗೂ. ಮುಂಬಯಿಯವರು ಆ ಬೋರಣ್ಣ ಅನ್ನೋರ ಕಾಲ್ ಕೇಳಿದಾರೆ. ತನ್ನ ಸಹೋದ್ಯೋಗಿ ಮೇಲೆ ಬಂದ ಕಂಪ್ಲೇಂಟನ್ನೇ ಹೀಗೆ ತಿರುಗಿಸ್ದೋನನ್ನ ಕಂಬ ಹತ್ತೋಕೆ ಕಳಿಸ್ತೀರಾ ಅಂತ ನನ್ನೇ ಬೈದ್ರು. ನಿಮ್ಮನ್ನ ಫೋನಿಂದ ಬಿಡೋ ಹಾಗಿಲ್ಲವಂತೆ. ಹೊಸಬರಿಗೂ ನೀವೇ ಕಲಿಸಬೇಕಂತೆ." ಮೌನೇಶ ಎಂಬ ಸಹೋದ್ಯೋಗಿಯೂ ಮಹೇಶನೂ ಒಬ್ಬನೇ ಎಂದು ಮುಂಬಯಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಲ್ಲಪ್ಪನ ಏಣಿ ಇನ್ಯಾರದೋ ಪಾಲಾಯಿತು. ಅದರ ಮೇಲೆ, ಆ ವಾರದಿಂದ ಕನ್ನಡ ಡೆಸ್ಕಿನ ಮಾತುಗಳಿಗೆ ಹೊಸದೊಂದು ಸೇರಿತು. ಪ್ರತಿ ಕರೆಯಲ್ಲೂ "ತಮ್ಮ ಹಬ್ಬವು ಹೇಗೆ ನೆರವೇರಿತು?" ಎಂದು ಕೇಳತಕ್ಕದ್ದು. ಹಬ್ಬ ಇದ್ದರೂ ಸೈ, ಇಲ್ಲದಿದ್ದರೂ ಸೈ. ಒಬ್ಬರು ಸೂತಕದ ಮನೆಯಿಂದ ಫೋನು ಮಾಡಿದ್ದರು, ಅವರನ್ನೂ ಕೇಳಬೇಕಾಯಿತು. ಅವರು ಬೈದ ಬೈಗುಳ ಮೌನೇಶನ ಕಿವಿಯಲ್ಲಿ ಎರಡು ದಿನ ಇತ್ತು.

ಜಯಾ ಏನಾತು ಎಂದು ಕೇಳಿದಾಗ ಅವನು "ಕೊಡಲಿಲ್ಲ" ಎಂದಷ್ಟೇ ಹೇಳಿದ. ಅವಳು ಅದನ್ನು ನಲ್ಲಿಯ ಬಳಿ ಅಂಜನಮ್ಮನಿಗೆ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಅಂಜನಮ್ಮ ಗಂಡನಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ದಿವ್ಯ ತನ್ನ ಲೈನಿಗೆ ಬಂದ ಕರೆಯೊಂದನ್ನು ತಡೆದು, "ಮಹೇಶ್, ನಿಮ್ಮ ಬೋರಣ್ಣ. ನೀವೇ ಬೇಕಂತೆ" ಎಂದು ಇತ್ತ ದಾಟಿಸಿದಳು.

"ಹೇಳಿ ಸಾರ್, ನಾನು ಮಹೇಶ್."

"ನೆಟ್ಟು ಚೆನ್ನಾಗೈತೆ ಕಣಪ್ಪ, ಅದಕ್ಕಲ್ಲ ಮಾಡಿದ್ದು" ಎಂದರು ಬೋರಣ್ಣ. ದನಿ ತಗ್ಗಿಸಿದ್ದರು, ಯಾರಿಗಾದರೂ ಶಿಫಾರಸು ಹೇಳುವವರ ಹಾಗೆ. "ನಮ್ ಮೇಲ್ಗಡೆ ಹುಡುಗ, ಮೌನೇಸ, ಅದ್ಯಾವ್ದೋ ಲೈನ್ ಕೆಲಸ ಕೇಳಿದ್ನಂತೆ, ಕೊಡ್ಲಿಲ್ವಂತೆ. ನಿನ್ ಮಾತು ಅಲ್ಲಿ ನಡೀತದೆ ಅನ್ಸುತ್ತೆ. ನಿಮ್ ಮೇಡಂಗೆ ಒಂದ್ ಮಾತು ಹೇಳು. ಆ ಹುಡುಗನ ಕೈಲಿ ಫೋನ್ ಕೆಲಸ ಆಗಲ್ಲ."

"ಯಾಕೆ ಸಾರ್?" ಎಂದ ಮೌನೇಶ.

"ದಿನಾ ಸಂಜೆ ಬತ್ತಾನೆ, ಮೆಟ್ಲ ಮೇಲೆ ಕೂತ್ಕೊತಾನೆ, ಕತ್ತು ಬಗ್ಗಿಸ್ಕೊಂಡು. ಹೆಂಡ್ತಿ ಕರೆದ್ರೆ ಏಳಲ್ಲ, ನಮ್ಮೋಳು ಕಾಫಿ ಕೊಟ್ರೆ ಆರೋಗೋ ತನಕ ಹಿಡ್ಕೊಂಡಿರ್ತಾನೆ. ಸೊಕ್ಕು ಅಂದ್ಕೊಂಡಿದ್ದೆ ನಾನು. ನಾನು ಎತ್ತು ಸಾಕ್ದೋನಪ್ಪ, ನಂಗೆ ಮೊದಲೇ ತಿಳೀಬೇಕಿತ್ತು. ಹೆಗಲು ಹುಣ್ಣಾಗಿರೋ ಎತ್ತು ನೊಗ ಬಿಚ್ಚಿದ ಮೇಲೂ ಕತ್ತು ಎತ್ತಲ್ಲ. ಹುಲ್ಲಿಟ್ರೂ ಮೂಸಲ್ಲ. ಜನ ಸೋಮಾರಿ ಎತ್ತು ಅಂತ ಹೊಡೀತಾರೆ. ಅದು ಸೋಮಾರಿ ಅಲ್ಲ, ಅದಕ್ಕೆ ನೋವು. ನಮ್ಮಪ್ಪ ಅಂಥ ಎತ್ತನ್ನ ಹೂಡ್ತಾನೇ ಇರ್ಲಿಲ್ಲ, ಎಷ್ಟೇ ಕೆಲಸ ಇರ್ಲಿ. ನಿಂಗೆ ಮಾತು ಬತ್ತದೆ, ನಿಂಗೇನೂ ಆಗಲ್ಲ. ಅವನ್ನ ಬಿಡಿಸು."

ಮೌನೇಶ ಬಾಯಿ ತೆರೆದ. ಕಲಿತ ಮಾತುಗಳಲ್ಲಿ ಒಂದೂ ಬರಲಿಲ್ಲ. ಲೈನಿನಲ್ಲಿ ಮಾತು ನಿಂತಿತು. ಆ ಕಡೆ ಉಮಾಮಹೇಶ್ವರಿ ಪರದೆ ನೋಡಿ ತಲೆ ಎತ್ತಿದರು, ಇವನ ಮುಖ ನೋಡಿ ಕುರ್ಚಿಯಿಂದ ಎದ್ದರು, ಆದರೆ ಹತ್ತಿರ ಬರಲಿಲ್ಲ.

"ಹಲೋ? ಮಹೇಸಪ್ಪ? ಲೈನ್ ಹೋಯ್ತಾ?" ಎಂದರು ಬೋರಣ್ಣ.

"ಇಲ್ಲೇ ಅದೀನ್ರಿ ಮಾಲಕ್ರ" ಎಂದ ಮೌನೇಶ.

 ಅತ್ತ ಕಡೆ ಓಡುತ್ತಿದ್ದ ನೀರಿನ ಮೋಟರನ್ನು ಬೋರಣ್ಣ ಆರಿಸಿದ್ದು ಕೇಳಿಸಿತು.

"ನೀನೇನಾ?" ಎಂದರು ಮೆಲ್ಲಗೆ.

"ಹೌದ್ರಿ."

"ಸರಿ. ಇಡು ಫೋನು. ಸಂಜೆ ಜಯಮ್ಮನ್ನ ಕರ್ಕೊಂಡು ಕೆಳಗೆ ಊಟಕ್ಕೆ ಬಾ" ಎಂದರು ಬೋರಣ್ಣ. "ಮಾತಾಡಬ್ಯಾಡ. ಸುಮ್ಕೆ ಬಂದು ಕೂತ್ಕೊ."